ಪಾರಣೆ ಇಲ್ಲದ ಉಪವಾಸ

ನಮ್ಮ ಹೊಸಪೇಟೆ ಕಡೆ ಈ ಕಾಯಿಲೆಗೆ ಹೆಸರಿಲ್ಲ. ಬದಲಿ ಹೆಸರುಗಳು ಮಾತ್ರ ಬೇಕಾದಷ್ಟಿವೆ. "ಸೊರಗ್ಯಾಳ", "ಗ್ಯಾಸ್ಟ್ರಿಕ್ ಇರಬೇಕು", "ಹಾಸ್ಟೆಲ್ ಊಟ ಹಿಡಿಸಿಲ್ಲ", "ದೃಷ್ಟಿ ಆಗೈತಿ", "ಮದುವಿ ಆದ್ರೆ ಸರಿಹೋಗ್ತಾಳ". ಏನೂ ಹೊಳೆಯದಿದ್ದರೆ ಕೊನೆಗೆ "ಹಟ". ಹದಿನೇಳನೇ ವಯಸ್ಸಿನಿಂದ ಇಪ್ಪತ್ತಾರರವರೆಗೆ ಈ ಎಲ್ಲ ಹೆಸರುಗಳೂ ಒಂದೊಂದಾಗಿ ನನಗೆ ಅಂಟಿಕೊಂಡವು. ನಿಜವಾಗಿ ಇದ್ದದ್ದು ಅನೊರೆಕ್ಸಿಯಾ ನರ್ವೋಸಾ. ಕೊನೆಯ ಮೂರು ವರ್ಷ ಅದೇ ವೇಷ ಬದಲಿಸಿ ಬುಲಿಮಿಯಾ ಆಗಿತ್ತು. ಹೀಗೆ ಒಂದರಿಂದ ಇನ್ನೊಂದಕ್ಕೆ ಜಾರುವುದು ಅಪರೂಪವೇನಲ್ಲವಂತೆ.

ಸರಳವಾಗಿ ಹೇಳೋದಾದರೆ, ಅನೊರೆಕ್ಸಿಯಾದಲ್ಲಿ ದೇಹಕ್ಕೆ ಬೇಕಾದಷ್ಟು ತಿನ್ನುವುದು ನಿಂತುಹೋಗುತ್ತೆ, ಎಷ್ಟು ಸಣ್ಣಗಾದರೂ ದಪ್ಪಗಾಗ್ತೀನಿ ಅನ್ನೋ ಭಯ ಹೋಗಲ್ಲ. ಬುಲಿಮಿಯಾದಲ್ಲಿ ಹಿಡಿತ ತಪ್ಪಿ ತಿನ್ನುವುದು, ಆಮೇಲೆ ತಿಂದದ್ದನ್ನು ಹೇಗಾದರೂ "ಸರಿಮಾಡುವ" ಒದ್ದಾಟ. ಬಿಂಜ್ ಈಟಿಂಗ್‌ನಲ್ಲಿ ಹಿಡಿತ ತಪ್ಪುತ್ತೆ, ಸರಿಮಾಡುವ ಭಾಗ ಇರಲ್ಲ, ನಾಚಿಕೆ ಮಾತ್ರ ಉಳಿಯುತ್ತೆ. "ಇದೆಲ್ಲ ಈಗಿನ ಹುಡುಗೀರ ಫ್ಯಾಷನ್ನು" ಅನ್ನುವವರಿಗೆ ಒಂದು ಮಾತು: ಅನೊರೆಕ್ಸಿಯಾ ನರ್ವೋಸಾ ಅನ್ನೋ ಹೆಸರನ್ನು ಲಂಡನ್ನಿನ ವೈದ್ಯ ವಿಲಿಯಂ ಗಲ್ ಕೊಟ್ಟದ್ದು 1870ರ ದಶಕದಲ್ಲಿ. ಬುಲಿಮಿಯಾ ನರ್ವೋಸಾವನ್ನು ಗೆರಾಲ್ಡ್ ರಸೆಲ್ ಗುರುತಿಸಿ ಬರೆದದ್ದು 1979ರಲ್ಲಿ. ಇನ್‌ಸ್ಟಾಗ್ರಾಂ ಹುಟ್ಟುವ ಎಷ್ಟೋ ಮುಂಚೆ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ನನ್ನ ತೂಕ ಎಷ್ಟಿತ್ತು, ದಿನಕ್ಕೆ ಎಷ್ಟು ತಿನ್ನುತ್ತಿದ್ದೆ ಅನ್ನೋ ಲೆಕ್ಕ ಈ ಬರಹದಲ್ಲಿ ಎಲ್ಲೂ ಇಲ್ಲ. ಈ ಕಾಯಿಲೆ ಇರುವವರು ಇಂಥ ಬರಹಗಳಲ್ಲಿ ಮೊದಲು ಹುಡುಕುವುದೇ ಆ ಅಂಕಿಯನ್ನು. ಸಿಕ್ಕರೆ ಅದು ಅವರಿಗೆ ಟಾರ್ಗೆಟ್ ಆಗಿಬಿಡುತ್ತೆ. ಬೇರೆ ಅಂಕಿಗಳಿವೆ, ಅವನ್ನು ಕೊಡ್ತೀನಿ.

*

ಟ್ರೀಟ್‌ಮೆಂಟ್ ಶುರುವಾಗಿ ಒಂದು ವರ್ಷಕ್ಕೆ ನನ್ನ ತೂಕ ಡಾಕ್ಟರು ಹೇಳಿದ ಮಟ್ಟಕ್ಕೆ ಬಂತು. ಊರಿಗೆ ಹೋದರೆ ಎಲ್ಲರಿಗೂ ಖುಷಿ. "ಈಗ ಆರಾಮಿದ್ದೀಯಲ್ಲವಾ?" ಅಂತ ಕೇಳುವವರ ಕಣ್ಣು ನನ್ನ ಕಣ್ಣಿನ ಮೇಲೆ ಇರುತ್ತಿರಲಿಲ್ಲ, ಕೆನ್ನೆಯ ಮೇಲೆ ಇರುತ್ತಿತ್ತು. ಕೆನ್ನೆ ತುಂಬಿದೆ, ಹಾಗಾದರೆ ಆರಾಮು. ಅಪ್ಪ ಬ್ಯಾಂಕಿನಲ್ಲಿದ್ದವರು, ಲೆಕ್ಕದ ಮನುಷ್ಯ. "ತೂಕ ಬಂತಲ್ಲಮ್ಮ, ಇನ್ನು ಬೆಂಗಳೂರಾಗ ಡಾಕ್ಟರಿಗೆ ದುಡ್ಡು ಯಾಕೆ ಸುರೀಬೇಕು?" ಅಂದರು. ಅವರ ಲೆಕ್ಕದಲ್ಲಿ ಸಾಲ ತೀರಿತ್ತು.

ಮುಂದಿನ ಅಪಾಯಿಂಟ್‌ಮೆಂಟಿಗೆ ಅಪ್ಪ ಜೊತೆಗೆ ಬಂದರು, ಇದೇ ಮಾತನ್ನು ಡಾಕ್ಟರ ಮುಂದೆ ಇಡೋಕೆ. ಆಕೆ ಸಮಾಧಾನವಾಗಿ ಕೇಳಿಸಿಕೊಂಡು ಹೇಳಿದ್ದಿಷ್ಟು: "ಸರ್, ಇದರಲ್ಲಿ ಮೂರು ವಾಪಸ್ ಬರಬೇಕು. ಮೊದಲು ದೇಹ, ಆಮೇಲೆ ಯೋಚನೆ, ಕೊನೆಗೆ ಬದುಕು. ಈಗ ಬಂದಿರೋದು ಒಂದು."

ಈ ಮೂರಕ್ಕೆ ಎಷ್ಟು ಕಾಲ ಬೇಕು? ಬಾಸ್ಟನ್ನಿನಲ್ಲಿ ಒಂದು ತಂಡ ಅನೊರೆಕ್ಸಿಯಾ ಮತ್ತು ಬುಲಿಮಿಯಾ ಇದ್ದ ಇನ್ನೂರಕ್ಕೂ ಹೆಚ್ಚು ಹೆಂಗಸರನ್ನು ದಶಕಗಳ ಕಾಲ ಹಿಂಬಾಲಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿತು. ಬುಲಿಮಿಯಾ ಇದ್ದವರಲ್ಲಿ ಸುಮಾರು 68 ಶೇಕಡಾ ಜನ ಒಂಬತ್ತು ವರ್ಷದ ಹೊತ್ತಿಗೇ ಗುಣವಾಗಿದ್ದರು. ಅನೊರೆಕ್ಸಿಯಾದವರಲ್ಲಿ ಒಂಬತ್ತು ವರ್ಷಕ್ಕೆ ಗುಣವಾದವರು ಬರೀ 31 ಶೇಕಡಾ. ಆದರೆ 22 ವರ್ಷಕ್ಕೆ ನೋಡಿದಾಗ ಅದು 63 ಶೇಕಡಾ ಹತ್ತಿರ ಬಂದಿತ್ತು. ಈ ಅಂಕಿಯನ್ನು ಎರಡು ಥರ ಓದಬಹುದು. ಒಂಬತ್ತು ವರ್ಷವಾದರೂ ಮೂರನೇ ಎರಡರಷ್ಟು ಜನ ಇನ್ನೂ ಒಳಗೇ ಇದ್ದಾರೆ ಅಂತ ಓದಿದರೆ ಎದೆ ಒಡೆಯುತ್ತೆ. ಹತ್ತು ವರ್ಷ ಕಳೆದ ಮೇಲೂ ಹೊರಗೆ ಬರುವವರು ಬರುತ್ತಲೇ ಇದ್ದಾರೆ ಅಂತ ಓದಿದರೆ ನಾಳೆಯ ಅಪಾಯಿಂಟ್‌ಮೆಂಟಿಗೆ ಹೋಗುವ ಮನಸ್ಸಾಗುತ್ತೆ. ನಾನು ಎರಡನೇ ಥರ ಓದೋದನ್ನ ಕಲಿತೆ.

ಕಾಯಲು ಆಗದ ಒಂದು ಅಂಕಿಯೂ ಇದೆ. 2011ರಲ್ಲಿ ಜಗತ್ತಿನ 36 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅನೊರೆಕ್ಸಿಯಾ ಇರುವವರಲ್ಲಿ ಸಾವಿನ ಪ್ರಮಾಣ ಅದೇ ವಯಸ್ಸಿನ ಬೇರೆಯವರಿಗಿಂತ ಸುಮಾರು ಆರು ಪಟ್ಟು ಹೆಚ್ಚು ಅಂತ ಕಂಡುಬಂತು. ಸತ್ತವರಲ್ಲಿ ಐದರಲ್ಲಿ ಒಬ್ಬರದ್ದು ಆತ್ಮಹತ್ಯೆ. ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳ ಸಾಲಿನಲ್ಲಿ ಇದು ನಿಲ್ಲುತ್ತೆ. "ಹಟ" ಅನ್ನೋ ಪದ ಇದಕ್ಕೆ ಎಷ್ಟು ಸಣ್ಣದು ನೋಡಿ.

*

ಆ ದಿನ ಡಾಕ್ಟರು ಅಪ್ಪನ ಮುಂದೆಯೇ ನನಗೊಂದು ಫಾರ್ಮ್ ಕೊಟ್ಟರು. 2006ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಪ್ರಶ್ನಾವಳಿ ಅದು, ಈಟಿಂಗ್ ಡಿಸಾರ್ಡರ್ ಇರುವವರ ಬದುಕಿನ ಗುಣಮಟ್ಟ ಅಳೆಯೋಕೆ ಅಂತಲೇ ಮಾಡಿದ್ದು. 25 ಪ್ರಶ್ನೆ, ನಾಲ್ಕು ಭಾಗ: ದೇಹ ಮತ್ತು ಯೋಚನಾಶಕ್ತಿ, ಓದು-ಕೆಲಸ, ಹಣ, ಮನಸ್ಸು. ತೂಕ ಎಷ್ಟು ಅಂತ ಅದು ಕೇಳಲ್ಲ. ಊಟ-ತೂಕದ ಚಿಂತೆ ನಿಮ್ಮ ಬದುಕಿಗೆ ಎಷ್ಟು ಸಲ ಅಡ್ಡ ಬಂತು ಅಂತ ಕೇಳುತ್ತೆ. ಅಪ್ಪ ಕನ್ನಡಕ ಹಾಕಿಕೊಂಡು ಪಕ್ಕದಿಂದ ಇಣುಕಿ ಓದುತ್ತಿದ್ದರು. ನಾನು ಒಂದೊಂದೇ ಟಿಕ್ ಹಾಕುತ್ತಾ ಹೋದ ಹಾಗೆ ಅವರು ಸುಮ್ಮನಾಗುತ್ತಾ ಹೋದರು. ಆ ನಾಲ್ಕು ಭಾಗಕ್ಕೆ ನನ್ನ ಉತ್ತರಗಳನ್ನು ಇಲ್ಲಿ ಬಿಡಿಸಿ ಬರೀತೀನಿ.

ದೇಹ. ಮೇ ತಿಂಗಳ ಹೊಸಪೇಟೆ ನಿಮಗೆ ಗೊತ್ತಿರಬಹುದು. ಕಲ್ಲುಬಂಡೆಗಳು ರಾತ್ರಿ ಹನ್ನೊಂದಾದರೂ ಬಿಸಿ ಉಗುಳ್ತಿರುತ್ತವೆ. ಅಂಥ ಬಿಸಿಲಲ್ಲಿ ನಾನು ಸ್ವೆಟರ್ ಹಾಕಿಕೊಂಡು ಕೂತಿರ್ತಿದ್ದೆ. ಉರಿಸೋಕೆ ಏನೂ ಇಲ್ಲದಾಗ ದೇಹ ಒಲೆ ಆರಿಸಿ ಕೂರುತ್ತೆ. ನಾಡಿ ನಿಧಾನವಾಗುತ್ತೆ, ಮುಟ್ಟು ನಿಲ್ಲುತ್ತೆ, ಕೂದಲು ಉದುರುತ್ತೆ. ಬುಲಿಮಿಯಾದ ಕಾಲದಲ್ಲಿ ರಕ್ತದ ಪೊಟ್ಯಾಷಿಯಂ ಇಳಿಯಿತು. ಅದು ಇಳಿದರೆ ಹೃದಯದ ಬಡಿತ ದಾರಿ ತಪ್ಪುತ್ತೆ, ತೂಕ ಸರಿಯಾಗೇ ಇದ್ದರೂ ಜೀವಕ್ಕೆ ಅಪಾಯ. ಇವುಗಳಲ್ಲಿ ಹೆಚ್ಚಿನವು ಊಟ ಸರಿಯಾದ ಮೇಲೆ ಹಿಂದಿರುಗಿ ಬಂದವು. ಮೂಳೆ ಮಾತ್ರ ಪೂರ್ತಿ ಬಂದಿಲ್ಲ. ಮೂಳೆ ಗಟ್ಟಿಯಾಗುವ ವಯಸ್ಸೇ ಹದಿಹರೆಯ, ಆಗ ತಪ್ಪಿಹೋದದ್ದನ್ನು ಆಮೇಲೆ ಪೂರ್ತಿ ತುಂಬಿಸೋದು ಕಷ್ಟ. ಮೂವತ್ತು ದಾಟಿದ ನಾನು ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದು ಇಳಿಯೋದು ಇದಕ್ಕೇ.

ಯೋಚನಾಶಕ್ತಿಯ ಬಗ್ಗೆ ಹೇಳಬೇಕಾದರೆ ಮಿನ್ನೆಸೋಟಾದ ಕಥೆ ಹೇಳಬೇಕು. 1944-45ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಜನ ಗಟ್ಟಿಮುಟ್ಟಾದ ಯುವಕರ ಮೇಲೆ, ಅವರ ಒಪ್ಪಿಗೆ ಪಡೆದೇ, ಆರು ತಿಂಗಳ ಅರೆಹೊಟ್ಟೆಯ ಪ್ರಯೋಗ ಮಾಡಿದ. ಯುದ್ಧ ಮುಗಿದ ಮೇಲೆ ಯೂರೋಪಿನ ಹಸಿದ ಜನಕ್ಕೆ ಹೇಗೆ ಉಣಿಸಬೇಕು ಅಂತ ತಿಳಿಯೋದು ಉದ್ದೇಶ. ಆ ಹುಡುಗರಲ್ಲಿ ಯಾರಿಗೂ ಸಣ್ಣಗಾಗುವ ಆಸೆ ಇರಲಿಲ್ಲ. ಆದರೂ ಕೆಲವೇ ತಿಂಗಳಲ್ಲಿ ಅವರಿಗೆ ಊಟ ಬಿಟ್ಟು ಬೇರೆ ಯೋಚನೆ ಬರದಂತಾಯ್ತು. ಅಡುಗೆ ಪುಸ್ತಕ ಓದುವುದು, ತಟ್ಟೆಯಲ್ಲಿದ್ದದ್ದನ್ನು ಗಂಟೆಗಟ್ಟಲೆ ಕಲಸುತ್ತಾ ಕೂರುವುದು, ಸ್ನೇಹಿತರ ಮೇಲೆ ರೇಗುವುದು, ಒಬ್ಬರೇ ಇರಬೇಕು ಅನ್ನಿಸುವುದು. ಪ್ರಯೋಗ ಮುಗಿದು ಊಟ ಸಿಕ್ಕಮೇಲೂ ಎಷ್ಟೋ ಜನಕ್ಕೆ ತಿಂಗಳುಗಟ್ಟಲೆ ಹಿಡಿತವೇ ಸಿಗಲಿಲ್ಲ.

ಇದನ್ನು ಓದಿದ ದಿನ ನನಗೆ ಹಾಸ್ಟೆಲ್ ನೆನಪಾಯ್ತು. ಇಂಜಿನಿಯರಿಂಗ್ ಮೂರನೇ ವರ್ಷ, ಪಕ್ಕದ ಮಂಚದವಳು ನೋಟ್ಸ್ ಓದುತ್ತಿದ್ದರೆ ನಾನು ರಾತ್ರಿ ಎರಡರವರೆಗೆ ಹೋಳಿಗೆ, ಬಿಸಿಬೇಳೆಬಾತ್ ಮಾಡುವ ವಿಡಿಯೋ ನೋಡುತ್ತಿದ್ದೆ. ಥರ್ಮೋಡೈನಾಮಿಕ್ಸ್ ಪುಸ್ತಕದ ಒಂದೇ ಸಾಲನ್ನು ಹತ್ತು ಸಲ ಓದಿದರೂ ತಲೆಗೆ ಹೋಗುತ್ತಿರಲಿಲ್ಲ. ಅದು ನನ್ನ ಗುಣವಲ್ಲ, ಹಸಿವಿನ ಗುಣ ಅಂತ ಗೊತ್ತಾದ ದಿನ ಎಷ್ಟೋ ವರ್ಷದ ಭಾರ ಇಳಿದ ಹಾಗಾಯ್ತು.

ಕೆಲಸ. ಇದು ನಿಮಗೆಲ್ಲ ಹತ್ತಿರದ್ದು. ನಾನು ಅತ್ಯಂತ ಕಾಯಿಲೆ ಬಿದ್ದಿದ್ದ ಕಾಲದಲ್ಲೇ ಆಫೀಸಿನಲ್ಲಿ ಅತ್ಯಂತ ಹೆಚ್ಚು ಹೊಗಳಿಕೆ ಸಿಕ್ಕಿದ್ದು. "ಎಷ್ಟು ಫಿಟ್ ಆಗಿದ್ದೀಯಾ, ಟಿಪ್ಸ್ ಕೊಡೇ." "ನಿನ್ನ ಥರ ವಿಲ್‌ಪವರ್ ನಮಗಿಲ್ಲಪ್ಪ." ಹದಿನಾರು ಗಂಟೆ ತಿನ್ನಲ್ಲ ಅಂದರೆ ಅದಕ್ಕೊಂದು ಇಂಗ್ಲಿಷ್ ಹೆಸರಿದೆ, ಅದಕ್ಕೊಂದು ಆ್ಯಪ್ ಇದೆ. ದಿನಕ್ಕೆ ಎಷ್ಟು ಹೆಜ್ಜೆ ಅಂತ ಟೀಮುಗಳ ನಡುವೆ ಪಂದ್ಯ, ಗೆದ್ದವರಿಗೆ ಗಿಫ್ಟ್ ವೋಚರ್. ಡಯಟ್ ಮಾಡುವ ಎಲ್ಲರಿಗೂ ಕಾಯಿಲೆ ಅಂತ ನಾನು ಹೇಳ್ತಿಲ್ಲ. ಹೆಚ್ಚಿನವರಿಗೆ ಅದು ಎರಡು ವಾರದ ಉತ್ಸಾಹ. ಆದರೆ ಬಗಲಲ್ಲೇ ಒಬ್ಬರಿಗೆ ಕಾಯಿಲೆ ಇದ್ದರೆ, ಅದು ಅಡಗಿಕೊಳ್ಳಲು ನಮ್ಮ ಆಫೀಸುಗಳಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಟೀಮ್ ಲಂಚ್ ಇದ್ದ ದಿನ ನನಗೆ ಕ್ಲೈಂಟ್ ಕಾಲ್ ಇರುತ್ತಿತ್ತು. ಊಟದ ಟೇಬಲ್ಲಿನಲ್ಲೇ ಅರ್ಧ ಸ್ನೇಹ, ಅರ್ಧ ಪ್ರಮೋಷನ್ ಕುದುರುತ್ತೆ ಅನ್ನೋದು ನಿಮಗೆ ಗೊತ್ತು. ನನಗೆ ಎರಡೂ ತಪ್ಪಿದವು.

ಹಣ. ಸೈಕಿಯಾಟ್ರಿಸ್ಟ್, ಥೆರಪಿಸ್ಟ್, ಡಯಟೀಷಿಯನ್ ಮೂರೂ ಜನ ಬೇಕು. ತಿಂಗಳ ಸಂಬಳದ ಕಾಲು ಭಾಗ ಹೋಗುತ್ತಿತ್ತು. ಹಲ್ಲಿನ ಎನಾಮೆಲ್ ಸವೆದು ಎರಡು ರೂಟ್ ಕೆನಾಲ್. ಒಂದು ಸಲ ಪೊಟ್ಯಾಷಿಯಂ ಇಳಿದು ಅಡ್ಮಿಟ್ ಆದಾಗ ಇನ್ಶೂರೆನ್ಸ್ ಕಂಪನಿ "ಸೈಕಿಯಾಟ್ರಿಕ್ ಕೇಸ್" ಅಂತ ಕ್ಲೇಮನ್ನು ತಳ್ಳಿಹಾಕಿತು. ಅಪ್ಪ ಕೂತು ಕಾನೂನು ಓದಿದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ನಿನ ನಾಲ್ಕನೇ ಉಪವಿಭಾಗ ಹೇಳುತ್ತೆ: ದೇಹದ ಕಾಯಿಲೆಗೆ ಯಾವ ಆಧಾರದಲ್ಲಿ ವಿಮೆ ಕೊಡುತ್ತೀರೋ ಮನಸ್ಸಿನ ಕಾಯಿಲೆಗೂ ಅದೇ ಆಧಾರದಲ್ಲಿ ಕೊಡಬೇಕು. ಅದನ್ನೇ ಬರೆದು ಮೂರು ಮೇಲ್ ಕಳಿಸಿದ ಮೇಲೆ ಹಣ ಬಂತು. ನಿಮ್ಮ ಕಂಪನಿಯ ಪಾಲಿಸಿಯಲ್ಲಿ ಈ ವಿಷಯ ಹೇಗಿದೆ ಅಂತ ಇವತ್ತೇ ಒಮ್ಮೆ ಎಚ್‌ಆರ್‌ ಹತ್ತಿರ ಕೇಳಿಟ್ಟುಕೊಳ್ಳಿ. ಕಾಯಿಲೆ ಬಂದಾಗ ಕೇಳುವ ಶಕ್ತಿ ಇರಲ್ಲ.

ಮನಸ್ಸು. ಇದನ್ನು ಬರೆಯೋದು ಕಷ್ಟ. ಕಂಪ್ಲಿಯಲ್ಲಿ ಚಿಕ್ಕಪ್ಪನ ಮಗಳ ಮದುವೆ ಆಯ್ತು, ನಾನು ಹೋಗಲಿಲ್ಲ, ಊಟದ ಪಂಕ್ತಿ ನೆನೆಸಿಕೊಂಡೇ ಬೆವರಿದ್ದೆ. ಸಂಡೂರಿನ ಗೆಳತಿಯರು ಮಳೆಗಾಲದಲ್ಲಿ ಬೆಟ್ಟ ಹಸಿರಾದಾಗ ಕುಮಾರಸ್ವಾಮಿ ಗುಡಿಗೆ ಕರೆದರು, ಹೋಗಲಿಲ್ಲ, ವಾಪಸ್ ಬರುವಾಗ ಎಲ್ಲೋ ಒಗ್ಗರಣೆ-ಮಿರ್ಚಿಗೆ ನಿಲ್ಲಿಸ್ತಾರೆ ಅಂತ. ನಮ್ಮ ಭಾಷೆಯಲ್ಲಿ ಹಲೋ ಅನ್ನೋದಕ್ಕೆ ಬದಲು "ಉಂಡ್ಯಾ?" ಅಂತೀವಿ. ಉಣ್ಣುವುದೇ ಭಯವಾದವರಿಗೆ ಇಡೀ ಭಾಷೆಯೇ ದಿನಕ್ಕೆ ಇಪ್ಪತ್ತು ಸಲ ಚುಚ್ಚುತ್ತೆ. ಬರಬರುತ್ತಾ ಜನರೇ ಬೇಡ ಅನ್ನಿಸುತ್ತೆ.

ಸಂಶೋಧನೆಗಳೂ ಇದನ್ನೇ ಹೇಳುತ್ತವೆ. ಈಟಿಂಗ್ ಡಿಸಾರ್ಡರ್ ಇರುವವರ ಬದುಕಿನ ಗುಣಮಟ್ಟ ಬೇರೆಯವರಿಗಿಂತ ಕೆಳಗಿರುತ್ತೆ, ಅದರಲ್ಲೂ ಮನಸ್ಸು ಮತ್ತು ಸಂಬಂಧಗಳ ಭಾಗದಲ್ಲಿ. ಲಕ್ಷಣಗಳು ಕಡಿಮೆಯಾದ ಮೇಲೂ ಎಷ್ಟೋ ಜನರಿಗೆ ಬದುಕು ಅದೇ ವೇಗದಲ್ಲಿ ಮೇಲೇಳಲ್ಲ. ತೂಕದ ಮಷೀನಿಗೆ ಇದು ಕಾಣಲ್ಲ. ಅಪ್ಪನಿಗೆ ಕಂಡಿತು. ಫಾರ್ಮ್ ತುಂಬಿ ಮುಗಿದ ಮೇಲೆ ಅವರು ಡಾಕ್ಟರಿಗೆ ಹೇಳಿದ್ದು ಒಂದೇ ಮಾತು: "ನೀವು ಹೇಳೋವರೆಗೂ ಬರ್ತಾಳ ಮೇಡಂ."

*

ಇಷ್ಟು ವರ್ಷ ಮನೆಯವರಿಗೆ ಹೇಗೆ ಗೊತ್ತಾಗಲಿಲ್ಲ ಅಂತ ಬೆಂಗಳೂರಿನ ಗೆಳತಿಯರು ಕೇಳ್ತಾರೆ. ನಮ್ಮ ಮನೆಯಲ್ಲಿ ಊಟ ಬಿಡುವುದಕ್ಕೆ ಮರ್ಯಾದೆ ಇದೆ. ಸೋಮವಾರ ಒಪ್ಪತ್ತು, ಶ್ರಾವಣ ಶನಿವಾರ, ಸಂಕಷ್ಟಿ, ಏಕಾದಶಿ. ಹುಡುಗಿ ಊಟ ಬಿಟ್ಟರೆ "ದೇವರ ಮೇಲೆ ಎಷ್ಟು ಭಕ್ತಿ" ಅಂತಾರೆ. ಕಾಯಿಲೆ ಬಹಳ ಜಾಣ, ಅದು ಪಂಚಾಂಗ ನೋಡಿಕೊಂಡು ಬರುತ್ತೆ.

ಕೊನೆಗೆ ಇದನ್ನು ಮೊದಲು ಹಿಡಿದದ್ದು ಓದು ಬರಹ ಇಲ್ಲದ ಅಜ್ಜಿ. ಜೀವನವಿಡೀ ಏಕಾದಶಿ ಮಾಡಿದವಳು. ಒಂದು ದ್ವಾದಶಿ ಬೆಳಿಗ್ಗೆ ಪಾರಣೆಗೆ ಅಂತ ಮನೆಯವರೆಲ್ಲ ಕೂತಿದ್ದಾಗ ನಾನು ಎದ್ದುಹೋದೆ. ಅಜ್ಜಿ ಅಮ್ಮನಿಗೆ ಹೇಳಿದಳು: "ಇದು ಉಪಾಸ ಅಲ್ಲವಾ. ಉಪಾಸಕ್ಕ ಪಾರಣಿ ಇರ್ತೈತಿ. ಈ ಹುಡುಗಿ ಪಾರಣಿ ಮಾಡಂಗಿಲ್ಲ. ಯಾರಿಗರ ತೋರಸು."

ಡಾಕ್ಟರುಗಳ ಪುಸ್ತಕದಲ್ಲಿ ಇರುವ ವ್ಯತ್ಯಾಸವನ್ನೇ ಆಕೆ ಎರಡು ಮಾತಿನಲ್ಲಿ ಹೇಳಿದ್ದಳು. ವ್ರತಕ್ಕೆ ಒಂದು ಕೊನೆ ಇದೆ. ಮಾರನೇ ದಿನ ಇಂಥ ಹೊತ್ತಿನೊಳಗೆ ಉಣ್ಣಲೇಬೇಕು, ಉಣ್ಣದಿದ್ದರೆ ವ್ರತಕ್ಕೇ ಭಂಗ. ಮನೆಯವರ ಜೊತೆ ಕೂತು ಬಿಡುವ ಉಪವಾಸ ಅದು. ಕಾಯಿಲೆಯ ಉಪವಾಸಕ್ಕೆ ಕೊನೆ ಇಲ್ಲ, ಜೊತೆಯೂ ಇಲ್ಲ. ಅಮ್ಮ ತೋರಿಸಿದಳು. ಮೊದಲು ನೋಡಿದವರು ಆ್ಯಸಿಡಿಟಿಗೆ ಮಾತ್ರೆ ಬರೆದರು. ಸರಿಯಾದ ಹೆಸರು ಸಿಗೋಕೆ ಇನ್ನೂ ಮೂರು ವರ್ಷ, ಬೆಂಗಳೂರಿನವರೆಗಿನ ಹಂಪಿ ಎಕ್ಸ್‌ಪ್ರೆಸ್‌ ರಾತ್ರಿಗಳೂ ಬೇಕಾದವು.

*

ಥೆರಪಿಯ ಕೊನೆಯ ಹಂತದಲ್ಲಿ ನನಗೆ ಸಿಕ್ಕ ಹೋಂವರ್ಕ್: ಎದುರಿಗೆ ಒಬ್ಬರನ್ನು ಕೂರಿಸಿಕೊಂಡು ಊಟ ಮಾಡುವುದು. ಅದೇ ಸಮಯಕ್ಕೆ ಆಫೀಸಿನ ನಾಲ್ಕು ಜನ ಹಂಪಿ ನೋಡೋಕೆ ಬಂದಿದ್ದರು. ನಮ್ಮೂರಿನವಳು ಅಂತ ನಾನೇ ಗೈಡ್. ಎಲ್ಲರೂ ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಂಡ ಮೇಲೆ ಅವರನ್ನು ಭೋಜನಶಾಲೆ ಅಂತ ಕರೆಯುವ ಜಾಗಕ್ಕೆ ಕರೆದುಕೊಂಡು ಹೋದೆ. ನೀರಿನ ಕಾಲುವೆ, ಅದರ ಎರಡೂ ದಡದಲ್ಲಿ ಸಾಲಾಗಿ ಕಲ್ಲಿನ ಊಟದ ತಟ್ಟೆಗಳು. ಪದಾರ್ಥ ಬಡಿಸಲು ಬೇರೆಬೇರೆ ಗುಳಿಗಳನ್ನು ಕಲ್ಲಿನಲ್ಲೇ ಕೊರೆದಿದ್ದಾರೆ. ಈ ದಡದಲ್ಲಿ ಕೂತವರಿಗೆ ಆ ದಡದವರು ಎದುರು.

ಆ ತಟ್ಟೆಗಳನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಅವತ್ತು ಬೇರೆ ಥರ ಕಂಡವು. ಕಾಯಿಲೆಯ ಕಾಲದಲ್ಲಿ ನನಗೆ ನನ್ನದೇ ಸಣ್ಣ ತಟ್ಟೆ, ನನ್ನದೇ ಮೂಲೆ, ನನ್ನದೇ ಹೊತ್ತು ಇತ್ತು. ಇಲ್ಲಿ ಎತ್ತಿಕೊಂಡು ಮೂಲೆಗೆ ಹೋಗೋಕೆ ಬರಲ್ಲ, ತಟ್ಟೆ ಕಲ್ಲಿನದ್ದು. ಪಕ್ಕದಲ್ಲಿ ಒಬ್ಬರು, ಎದುರಿಗೆ ಒಬ್ಬರು ಇದ್ದೇ ಇರ್ತಾರೆ. ಮಧ್ಯಾಹ್ನ ಕಮಲಾಪುರದಲ್ಲಿ ಅವರ ಜೊತೆ ಕೂತು ಅನ್ನ-ಸಾರು ಉಂಡೆ. ಪೂರ್ತಿ ಉಂಡೆ ಅಂತ ಹೇಳಲ್ಲ. ಎದ್ದು ಹೋಗಲಿಲ್ಲ.

ಊಟ ಆದ ಮೇಲೆ ಮಾತು ದೇಹದ ಕಡೆ ತಿರುಗಿತು, ತಿರುಗೇ ತಿರುಗುತ್ತೆ. ಕೃಷ್ಣದೇವರಾಯ ಸಿಕ್ಸ್ ಪ್ಯಾಕ್ ಇದ್ದಿರಬೇಕು ಅಂತ ಒಬ್ಬ ಅಂದ. ನಮ್ಮ ಕಣ್ಣಿಗೆ ಕೃಷ್ಣದೇವರಾಯ ಅಂದರೆ 1970ರ ಸಿನಿಮಾದ ಡಾ. ರಾಜ್. ಆದರೆ ರಾಜನನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪೇಸ್, ಸುಮಾರು 1520ರ ಹೊತ್ತಿಗೆ ಬರೆದದ್ದು ಬೇರೆ: ಮಧ್ಯಮ ಎತ್ತರ, ಒಳ್ಳೆಯ ಮೈಕಟ್ಟು, ಸಣಕಲಿಗಿಂತ ದಪ್ಪ ಅನ್ನಬಹುದಾದ ಮೈ, ಮುಖದ ಮೇಲೆ ಸಿಡುಬಿನ ಕಲೆ. ಬೆಳಗಿನ ಜಾವ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಎಣ್ಣೆ ಬಳಿದುಕೊಂಡು, ಬೆವರುವವರೆಗೂ ಭಾರ ಎತ್ತಿ, ಕತ್ತಿ ತಿರುಗಿಸಿ, ಕುಸ್ತಿ ಆಡುತ್ತಿದ್ದನಂತೆ. ಅದೇ ವಾಕ್ಯದಲ್ಲಿ "ಒಳ್ಳೆಯ ಮೈಕಟ್ಟು" ಮತ್ತು "ದಪ್ಪ" ಎರಡೂ ಜೊತೆಗೆ ಇವೆ, ಪೇಸ್‌ಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಇವತ್ತಿನ ಜಿಮ್ ಟ್ರೇನರ್ ಈ ರಾಜನಿಗೆ ಮೊದಲ ದಿನವೇ ಎಣ್ಣೆ ಬಿಡಿಸಿಬಿಡ್ತಿದ್ದ.

ಯಾವ ಮೈ ಚೆಂದ ಅನ್ನೋದು ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತೆ, ಅದರ ಜೊತೆ ಕಾಯಿಲೆಯೂ. ಫಿಜಿ ದ್ವೀಪದ ಒಂದು ಪ್ರಾಂತ್ಯಕ್ಕೆ 1995ರಲ್ಲಿ ಟಿವಿ ಬಂತು. ಆಗ ಅಲ್ಲಿ ತುಂಬಿದ ಮೈಯೇ ಚೆಂದ. ಹಾರ್ವರ್ಡಿನ ಆ್ಯನ್ ಬೆಕರ್ ಶಾಲೆಯ ಹುಡುಗಿಯರನ್ನು ಆಗಲೂ, ಮೂರು ವರ್ಷ ಬಿಟ್ಟೂ ಕೇಳಿ ನೋಡಿದರು. ಊಟದ ಬಗ್ಗೆ ಆತಂಕಕಾರಿ ಯೋಚನೆ ಇರುವವರು ಸುಮಾರು 13 ಶೇಕಡಾದಿಂದ 29 ಶೇಕಡಾಕ್ಕೆ ಏರಿದ್ದರು. ಬರೀ ಟಿವಿಯಿಂದ ಕಾಯಿಲೆ ಬರುತ್ತೆ ಅಂತಲ್ಲ. ವಂಶವಾಹಿಯ ಪಾತ್ರವೂ ದೊಡ್ಡದು ಅಂತ ಅವಳಿಗಳ ಅಧ್ಯಯನಗಳು ತೋರಿಸಿವೆ. ಒಳಗೆ ಒಣಗಿದ ಹುಲ್ಲು ಇದ್ದರೆ ಹೊರಗಿನ ಕಿಡಿ ಸಾಕು.

ನಮ್ಮಲ್ಲೂ ಇದು ಅಪರೂಪದ ಕಾಯಿಲೆ ಅಲ್ಲ. ನಿಮ್ಹಾನ್ಸ್‌ನ ಡಾ. ಪ್ರಭಾ ಚಂದ್ರ ಮತ್ತು ಜೊತೆಯವರು ಬೆಂಗಳೂರಿನ ಮನೋವೈದ್ಯರನ್ನು ಕೇಳಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಮೂರರಲ್ಲಿ ಎರಡರಷ್ಟು ವೈದ್ಯರು ಇಂಥ ರೋಗಿಗಳನ್ನು ನೋಡಿದ್ದಾಗಿ ಹೇಳಿದ್ದರು. ಮೈಸೂರಿನ ವಿದ್ಯಾರ್ಥಿಗಳ ನಡುವೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಕಾಲು ಭಾಗ ಮಕ್ಕಳಿಗೆ ಅಪಾಯದ ಸೂಚನೆ ಇತ್ತು. ಅದು ಸ್ಕ್ರೀನಿಂಗ್ ಅಷ್ಟೇ, ಅವರೆಲ್ಲರಿಗೂ ಕಾಯಿಲೆ ಅಂತಲ್ಲ. ಆದರೂ ಒಂದು ತರಗತಿಯಲ್ಲಿ ಅರವತ್ತು ಮಕ್ಕಳಿದ್ದರೆ ಕಾಲು ಭಾಗ ಅಂದರೆ ಎಷ್ಟು ಅಂತ ಲೆಕ್ಕ ಹಾಕಿ ನೋಡಿ. ಹುಡುಗರೂ ಇದರಲ್ಲಿದ್ದಾರೆ. ಅವರದ್ದು ಹೆಚ್ಚಾಗಿ ಜಿಮ್ಮಿನ ಹೆಸರಿನಲ್ಲಿ ಮುಚ್ಚಿಹೋಗುತ್ತೆ.

*

ನನ್ನನ್ನು ಹೆಚ್ಚು ಕಾಡೋದು ಒಂದು ವಿಚಾರ. ಸಾಮಾನ್ಯ ಡಾಕ್ಟರು, ಹಳ್ಳಿಯ ಆರೋಗ್ಯ ಕಾರ್ಯಕರ್ತೆ, ಇಂಥವರಿಗೆ ತರಬೇತಿ ಕೊಟ್ಟು ಮನಸ್ಸಿನ ಕಾಯಿಲೆಯನ್ನು ಊರಲ್ಲೇ ಗುರುತಿಸಿ ಔಷಧ ಕೊಡಬಹುದು ಅಂತ ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ಜಿಲ್ಲೆಯೇ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಈ ಪ್ರಯೋಗ ಮಾಡಿತು. ಹೊಸಪೇಟೆ ಆಗ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. "ಬಳ್ಳಾರಿ ಮಾದರಿ" ಅಂತಲೇ ಹೆಸರಾಗಿ 1996ರಲ್ಲಿ ಅದು ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾಯಿತು. ಮೂರ್ಛೆರೋಗ, ತೀವ್ರ ಮಾನಸಿಕ ಕಾಯಿಲೆ ಇದ್ದವರಿಗೆ ಅದರಿಂದ ಮನೆ ಹತ್ತಿರವೇ ಚಿಕಿತ್ಸೆ ಸಿಕ್ಕಿತು. ಆ ಊರಿನ ಹುಡುಗಿಯೇ ಊಟ ಬಿಟ್ಟು ಒಣಗುತ್ತಿದ್ದಾಗ ಹೆಸರು ಹುಡುಕಿಕೊಂಡು ರಾತ್ರಿ ರೈಲು ಹತ್ತಬೇಕಾಯ್ತು. ಮಾದರಿ ನಮ್ಮದೇ, ಅದರ ಪಟ್ಟಿಗೆ ಇನ್ನೊಂದು ಕಾಯಿಲೆ ಸೇರಿಸಿದರೆ ಸಾಕು. ಹದಿಹರೆಯದವರು ಬೇಗ ಸಿಕ್ಕರೆ ಮನೆಯವರನ್ನೇ ಜೊತೆಗೂಡಿಸಿಕೊಂಡು ಮಾಡುವ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತೆ, ಅದಕ್ಕೆ ದೊಡ್ಡ ಮಷೀನೇನೂ ಬೇಡ. ಅಲ್ಲಿಯವರೆಗೆ 14416 ನಂಬರ್ ಇಟ್ಟುಕೊಳ್ಳಿ. ಅದು ಟೆಲಿ-ಮಾನಸ್, 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲಿ ಮಾತಾಡಬಹುದು. ತಲೆಸುತ್ತಿ ಬೀಳುವುದು, ಎದೆ ಬಡಿತ ಏರುಪೇರಾಗುವುದು ಇದ್ದರೆ ಫೋನಿಗೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ. ಬಹಳ ದಿನ ಹಸಿದ ದೇಹಕ್ಕೆ ಮನೆಯಲ್ಲೇ ಒಮ್ಮೆಲೇ ತುಂಬಾ ಉಣಿಸುವುದೂ ಅಪಾಯ, ಅದನ್ನು ಡಾಕ್ಟರು ನೋಡಿಕೊಂಡೇ ಮಾಡಬೇಕು.

ಗೊತ್ತಿರುವವರಲ್ಲಿ ಯಾರಿಗಾದರೂ ಹೀಗಿದೆ ಅನ್ನಿಸಿದರೆ ಏನು ಮಾತಾಡಬೇಕು ಅಂತ ಎಷ್ಟೋ ಜನ ಕೇಳ್ತಾರೆ. "ಸಣ್ಣಗಾಗಿದ್ದೀಯ", "ದಪ್ಪಗಾಗಿದ್ದೀಯ", "ಈಗ ಚೆನ್ನಾಗಿ ಕಾಣ್ತೀಯ" ಮೂರೂ ಬೇಡ. ತಟ್ಟೆ ಕಡೆ ನೋಡಬೇಡಿ. "ಇತ್ತೀಚೆಗೆ ನೀನು ಯಾರ ಜೊತೆಗೂ ಕೂರ್ತಿಲ್ಲ, ನನಗೆ ಚಿಂತೆ ಆಗ್ತಿದೆ" ಅಂತ ಒಂದು ಸಲ, ಒಬ್ಬರೇ ಇದ್ದಾಗ, ನಿಧಾನವಾಗಿ ಹೇಳಿ. ಮೊದಲ ಸಲ ಅವರು ರೇಗಬಹುದು. ಮಿನ್ನೆಸೋಟಾದ ಹುಡುಗರೂ ರೇಗಿದ್ದರು. ಆಮೇಲೂ ಊಟಕ್ಕೆ ಕರೆಯುವುದನ್ನು ಬಿಡಬೇಡಿ. ಬರದಿದ್ದರೂ ಕರೆಯಿರಿ.

ನಾನು ಪೂರ್ತಿ ಗುಣವಾಗಿದ್ದೀನಾ ಅಂದರೆ, ಟ್ರಯಲ್ ರೂಮಿನ ಕನ್ನಡಿ ಮುಂದೆ ಈಗಲೂ ಕೆಲವು ದಿನ ಕಷ್ಟ. ಡೆಡ್‌ಲೈನ್ ವಾರಗಳಲ್ಲಿ ಹಳೆಯ ದನಿ ಕಿವಿಯ ಹತ್ತಿರ ಬಂದು ಮಾತಾಡುತ್ತೆ. ಆದರೆ ಈಗ ಕಾದಂಬರಿ ಓದಿದರೆ ಕಥೆ ತಲೆಯಲ್ಲಿ ನಿಲ್ಲುತ್ತೆ. ಮೇ ತಿಂಗಳಲ್ಲಿ ಎಲ್ಲರ ಹಾಗೆ ಸೆಕೆ ಆಗುತ್ತೆ, ಎಲ್ಲರ ಹಾಗೆ ಬೈಯ್ತೀನಿ.

ಅಪ್ಪ ಮೊದಲೆಲ್ಲ ಭಾನುವಾರ ಫೋನ್ ಮಾಡಿ "ತೂಕ ನೋಡ್ಕೊಂಡ್ಯಾ?" ಅಂತ ಕೇಳ್ತಿದ್ದರು. ಆ ಫಾರ್ಮ್ ನೋಡಿದ ಮೇಲೆ ಪ್ರಶ್ನೆ ಬದಲಾಗಿದೆ. ಈಗ ಕೇಳೋದು, "ಈ ವಾರ ಯಾರ ಜೊತೆ ಉಂಡೆವಾ?" ಅಂತ. ಕೆಲವು ವಾರ ನನ್ನ ಉತ್ತರ ಸಣ್ಣದಿರುತ್ತೆ. ಹೋದ ವಾರ ಐದು ಹೆಸರು ಹೇಳಿದೆ, ಅಪ್ಪ ಆ ಕಡೆ ಬೆರಳು ಮಡಚಿ ಎಣಿಸೋದು ಕೇಳಿಸ್ತಿತ್ತು.